ಮಕ್ಕಳಿಗೆ ನಕ್ಷತ್ರಪುಂಜ ಕಲಿಸುವುದು ಹೇಗೆ? ಮೈಸೂರು-ಮಂಡ್ಯದ ಆಕಾಶಕ್ಕೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಕಡೆಯ ಮಕ್ಕಳಿಗೆ ನಕ್ಷತ್ರದ ಹೆಸರುಗಳು ಹೊಸದೇನಲ್ಲ. ದೇವಸ್ಥಾನದಲ್ಲಿ ಅರ್ಚನೆ ಮಾಡಿಸುವಾಗ ಅಮ್ಮ ‘ರೋಹಿಣಿ ನಕ್ಷತ್ರ, ವೃಷಭ ರಾಶಿ’ ಅಂತ ಹೇಳುವುದನ್ನು ಕೇಳಿರುತ್ತಾರೆ. ಮಂಡ್ಯದ ಹಳ್ಳಿಯಾದರೆ ‘ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ’ ಅನ್ನುವ ಮಾತು ಕಿವಿಗೆ ಬಿದ್ದಿರುತ್ತದೆ. ಮದುವೆಯಲ್ಲಿ ಅರುಂಧತಿ ನಕ್ಷತ್ರ ತೋರಿಸುವ ಶಾಸ್ತ್ರವನ್ನೂ ನೋಡಿರುತ್ತಾರೆ. ಅದೂ ಹಾಡಹಗಲಲ್ಲಿ, ಛತ್ರದ ಸೂರಿನ ಕಡೆ ಬೆರಳು ಮಾಡಿ! ಹೆಸರು ಗೊತ್ತು, ಅದು ಯಾವ ಚುಕ್ಕೆಯದು ಅಂತ ಮಾತ್ರ ಗೊತ್ತಿಲ್ಲ. ಹಾಗಾಗಿ ಕಲಿಸುವುದನ್ನು ಈ ಹೆಸರುಗಳಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ಕಾರಣವೂ ಇದೆ. ಅಂಗಡಿಯಲ್ಲಿ ಸಿಗುವ ಎಷ್ಟೋ ಮಕ್ಕಳ ಪುಸ್ತಕಗಳು ಉತ್ತರದ ದೇಶಗಳ ಆಕಾಶಕ್ಕೆ ಬರೆದವು. ಸಪ್ತರ್ಷಿ ಮಂಡಲ ಮುಳುಗುವುದೇ ಇಲ್ಲ ಅಂತ ಅವು ಹೇಳುತ್ತವೆ. ಮೈಸೂರಿನಲ್ಲಿ ನವೆಂಬರ್ ಸಂಜೆ ಹುಡುಕಿದರೆ ಸಪ್ತರ್ಷಿ ಸಿಗುವುದಿಲ್ಲ, ಮಗುವಿಗೆ ಸುಮ್ನೆ ನಿರಾಶೆಯಾಗುತ್ತದೆ.

1. ಮೊದಲು ಮನೆಯಲ್ಲಿರುವ ಹೆಸರು ಬರೆದುಕೊಳ್ಳಿ

ಒಂದು ನೋಟ್‌ಬುಕ್ ಮಗುವಿನ ಕೈಗೆ ಕೊಡಿ. ಮನೆಮಂದಿಯ ಜನ್ಮನಕ್ಷತ್ರ, ತಾತನಿಗೆ ನೆನಪಿರುವ ಮಳೆ ನಕ್ಷತ್ರಗಳು, ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತಿನ ತಾರೀಕಿನ ಕೆಳಗಿರುವ ನಕ್ಷತ್ರ, ಎಲ್ಲವನ್ನೂ ಅದೇ ಬರೆಯಲಿ. ಅಜ್ಜಿಯ ಹತ್ತಿರ ‘ನಿಮ್ಮೂರಲ್ಲಿ ಮೂರು ನಕ್ಷತ್ರ ಸಾಲಾಗಿರೋದಕ್ಕೆ ಏನಂತಿದ್ರಿ?’ ಅಂತ ಕೇಳಿಸಿ. ಊರಿಗೊಂದು ಹೆಸರು ಇರಬಹುದು, ಅದನ್ನೂ ಬರೆದಿಟ್ಟುಕೊಳ್ಳಿ.

ಶಾಲೆಯಲ್ಲಿ ಮಾಡಿಸುವ ಮೇಷ್ಟ್ರು ಜನ್ಮನಕ್ಷತ್ರ ಕೇಳುವುದು ಬೇಡ. ಎಲ್ಲರ ಮನೆಯಲ್ಲೂ ಅದು ಇರುವುದಿಲ್ಲ. ಮಳೆ ಹೆಸರು ಎಲ್ಲರದ್ದು, ಅದರಿಂದ ಹೊರಡಿ.

2. ರಾತ್ರಿ ಯಾವುದು, ಜಾಗ ಯಾವುದು

ಬೆಳದಿಂಗಳಿನಲ್ಲಿ ಚಿಕ್ಕ ನಕ್ಷತ್ರಗಳು ಕರಗಿಹೋಗುತ್ತವೆ. ಹುಣ್ಣಿಮೆಯಾಗಿ ಐದಾರು ದಿನ ಕಳೆದ ಮೇಲೆ ಚಂದ್ರ ಹುಟ್ಟುವುದು ತಡವಾಗುತ್ತದೆ. ಅಲ್ಲಿಂದ ಅಮಾವಾಸ್ಯೆ ಕಳೆದು ಮೂರ್ನಾಲ್ಕು ದಿನದವರೆಗೆ ಸಂಜೆಯ ಆಕಾಶ ಕಪ್ಪಾಗಿರುತ್ತದೆ. ಅಮಾವಾಸ್ಯೆ ರಾತ್ರಿ ಮಗುವನ್ನು ಹೊರಗೆ ಕರೆದುಕೊಂಡು ಹೋಗಬೇಡಿ ಅಂತ ಅಜ್ಜಿ ಗದರಿದರೆ ವಾದ ಬೇಡ, ಹಿಂದಿನ ದಿನ ಹೋಗಿ. ಕತ್ತಲೆ ಅಷ್ಟೇ ಇರುತ್ತದೆ.

ಜಾಗಕ್ಕೆ ಮನೆಯ ತಾರಸಿಯೇ ಸಾಕು. ಬೀದಿದೀಪ ಕಣ್ಣಿಗೆ ಬೀಳದಂತೆ ನೀರಿನ ಟ್ಯಾಂಕಿನ ಮರೆಯಲ್ಲಿ ಚಾಪೆ ಹಾಸಿ. ಪ್ರಖರ ನಕ್ಷತ್ರಗಳು ಮೈಸೂರಿನ ಮಧ್ಯದಲ್ಲೂ ಕಾಣುತ್ತವೆ. ಭಾನುವಾರ ಸಂಜೆ ಅರಮನೆಯ ಸುತ್ತಮುತ್ತ ಮಾತ್ರ ಬೇಡ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ಉರಿಯುವಾಗ ಆಕಾಶ ನೋಡುವವರು ಯಾರು? ನಿಜವಾದ ಕತ್ತಲೆ ಬೇಕೆಂದರೆ ಮೇಲುಕೋಟೆ, ನಾಗಮಂಗಲ, ಕೆ.ಆರ್. ಪೇಟೆ ಕಡೆಯ ನೆಂಟರ ಮನೆಯ ಮಹಡಿ ಒಳ್ಳೆಯದು. ಕಬ್ಬಿನ ಗದ್ದೆಯ ಬದು, ಕೆರೆ ಏರಿ, ಬೆಟ್ಟದ ಬುಡ ಬೇಡವೇ ಬೇಡ. ಹಾವಿನ ಜೊತೆಗೆ ಈಗ ಚಿರತೆಯ ಭಯವೂ ಇದೆ.

ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಮೊಬೈಲ್ ಪರದೆ ಒಂದು ಸಲ ಬೆಳಗಿದರೂ ಎಲ್ಲ ಮತ್ತೆ ಮೊದಲಿನಿಂದ. ಟಾರ್ಚಿನ ಬಾಯಿಗೆ ಕೆಂಪು ಜಿಲೆಟಿನ್ ಪೇಪರ್ ಕಟ್ಟಿದರೆ ಕಣ್ಣಿಗೆ ತೊಂದರೆಯಾಗುವುದಿಲ್ಲ. ಇನ್ನು ಕರೆಂಟ್ ಹೋಯಿತು ಅಂದರೆ ಚೆಸ್ಕಾಂನವರಿಗೆ ಬೈಯುತ್ತಾ ಕೂರದೆ ಮಗುವನ್ನು ಎತ್ತಿಕೊಂಡು ಮಹಡಿಗೆ ಓಡಿ. ಅಂಥ ಆಕಾಶ ಬೇಕು ಅಂದಾಗ ಸಿಗುವುದಿಲ್ಲ.

3. ಮುಷ್ಟಿ ಮತ್ತು ಗೇಣು

‘ಅಲ್ಲಿ ನೋಡು, ಅಲ್ಲಿ, ಆ ಮರದ ಮೇಲೆ’ ಅಂದರೆ ಮಗುವಿಗೆ ಏನೂ ತಿಳಿಯುವುದಿಲ್ಲ. ನಿಮ್ಮ ಎತ್ತರ ಬೇರೆ, ಅದರ ಎತ್ತರ ಬೇರೆ. ನೀವು ಬೆರಳು ಮಾಡಿದ ಕಡೆ ಅದಕ್ಕೆ ಕಾಣುವುದು ಇನ್ನೇನೋ. ಮಂಡಿಯೂರಿ ಕೂತು, ನಿಮ್ಮ ಕೆನ್ನೆ ಮಗುವಿನ ಕೆನ್ನೆಗೆ ತಾಗುವಷ್ಟು ಹತ್ತಿರ ಬನ್ನಿ. ನಿಮ್ಮ ಕೈಯನ್ನು ಅದರ ಕಣ್ಣಿನ ಪಕ್ಕದಿಂದಲೇ ಮುಂದಕ್ಕೆ ಚಾಚಿ. ಆಗ ಇಬ್ಬರಿಗೂ ಒಂದೇ ನಕ್ಷತ್ರ ಕಾಣುತ್ತದೆ.

ಆಮೇಲೆ ಅಳತೆ ಕಲಿಸಿ. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಬೆರಳು ಅಗಲಿಸಿ ಗೇಣು ಮಾಡಿದರೆ 20 ಡಿಗ್ರಿಗಿಂತ ಸ್ವಲ್ಪ ಜಾಸ್ತಿ. ಕಿರುಬೆರಳು ಒಂದು ಡಿಗ್ರಿ. ಮಗುವಿನ ಕೈ ಚಿಕ್ಕದು, ತೋಳೂ ಗಿಡ್ಡ, ಆದ್ದರಿಂದ ಲೆಕ್ಕ ಹೆಚ್ಚುಕಡಿಮೆ ಅದೇ ಬರುತ್ತದೆ. ದಿಗಂತದಿಂದ ನೆತ್ತಿಯವರೆಗೆ ಮುಷ್ಟಿ ಮೇಲೆ ಮುಷ್ಟಿ ಇಟ್ಟು ಎಣಿಸಲು ಹೇಳಿ. ಒಂಬತ್ತರ ಆಸುಪಾಸು ಬಂದರೆ ಅಳತೆ ಕಲಿತಂತೆ.

ದಿಕ್ಕನ್ನು ಹಗಲಿನಲ್ಲೇ ಗುರುತು ಮಾಡಿಸಿಡಿ. ಅರಮನೆಯ ಸುತ್ತಲಿನ ಮನೆಗಳಿಗೆ ಚಾಮುಂಡಿ ಬೆಟ್ಟ ದಕ್ಷಿಣಕ್ಕೆ, ಸ್ವಲ್ಪ ಪೂರ್ವಕ್ಕೆ ಸರಿದು ಇರುತ್ತದೆ. ರಾತ್ರಿ ಬೆಟ್ಟದ ದೀಪ ಕಂಡರೆ ದಿಕ್ಕು ಸಿಕ್ಕಂತೆಯೇ.

4. ಮೊದಲ ರಾತ್ರಿ ಮೂರು ನಕ್ಷತ್ರ ಸಾಕು

ಶುರು ಮಾಡಲು ಸಂಕ್ರಾಂತಿಯ ಆಸುಪಾಸು ಒಳ್ಳೆಯ ಕಾಲ. ಮೋಡ ಕಡಿಮೆ, ಕತ್ತಲೆ ಬೇಗ. ರಾತ್ರಿ 8 ಗಂಟೆಗೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ. ದಿಗಂತದಿಂದ ಐದು ಮುಷ್ಟಿ ಎತ್ತರದಲ್ಲಿ ಒಂದೇ ಅಳತೆಯ ಮೂರು ನಕ್ಷತ್ರಗಳು ಸಾಲಾಗಿ, ಸ್ವಲ್ಪ ಎಡಕ್ಕೆ ವಾಲಿ ನಿಂತಿರುತ್ತವೆ. ಸಾಲಿನ ಉದ್ದ ಎರಡು ಬೆರಳಗಲ, ಅಷ್ಟೇ. ಇದು ಮಹಾವ್ಯಾಧ (ಇಂಗ್ಲಿಷಿನಲ್ಲಿ ಒರಾಯನ್) ಅನ್ನುವ ಪುಂಜದ ಸೊಂಟಪಟ್ಟಿ.

ಹೆಸರು ಹೇಳುವ ಆತುರ ಬೇಡ. ‘ಮೂರು ಒಂದೇ ಸಾಲಲ್ಲಿರೋದು ಹುಡುಕು’ ಅಂತ ಹೇಳಿ ಸುಮ್ಮನಿರಿ. ಅದು ತಾನಾಗಿ ಹುಡುಕಿದರೆ ಮುಂದೆ ಮರೆಯುವುದಿಲ್ಲ. ಸಿಕ್ಕ ಮೇಲೆ ಎಡಗಡೆ ನೋಡಿಸಿ: ಕೆಂಪು ಛಾಯೆಯ ದೊಡ್ಡ ನಕ್ಷತ್ರ, ಆರಿದ್ರಾ. ಬಲಗಡೆ ಅಷ್ಟೇ ದೂರದಲ್ಲಿ ನೀಲಿ ಬಿಳುಪಿನ ರೀಗೆಲ್. ಬಣ್ಣ ಯಾವುದು ಅಂತ ಮಗುವೇ ಹೇಳಲಿ, ನೀವು ಮೊದಲು ಹೇಳಿಬಿಟ್ಟರೆ ಕಾಣದಿದ್ದರೂ ‘ಹೂಂ’ ಅನ್ನುತ್ತದೆ. ಆರಿದ್ರಾದ ಮೇಲ್ಮೈ ಶಾಖ ಸುಮಾರು 3,500 ಕೆಲ್ವಿನ್, ರೀಗೆಲ್‌ನದು ಸುಮಾರು 12,000. ಬಿಸಿ ಕಡಿಮೆಯಿದ್ದರೆ ಕೆಂಪು, ಜಾಸ್ತಿಯಿದ್ದರೆ ನೀಲಿ.

ಈಗ ಗೇಣು ಕೆಲಸಕ್ಕೆ ಬರುತ್ತದೆ. ಮೂರು ನಕ್ಷತ್ರದ ಸಾಲನ್ನು ಹಾಗೇ ಕೆಳಗೆ ಒಂದು ಗೇಣು ಎಳೆದರೆ ಲುಬ್ಧಕ, ರಾತ್ರಿ ಆಕಾಶದ ಅತ್ಯಂತ ಪ್ರಖರ ನಕ್ಷತ್ರ. ಮೇಲಕ್ಕೆ ಒಂದು ಗೇಣು ಎಳೆದರೆ ಕಿತ್ತಳೆ ಬಣ್ಣದ ರೋಹಿಣಿ. ಅಲ್ಲಿಂದ ಇನ್ನೊಂದು ಮುಷ್ಟಿಗಿಂತ ಸ್ವಲ್ಪ ಮುಂದೆ, ನೆತ್ತಿಯ ಹತ್ತಿರ, ಮಂಜಿನ ತುಣುಕಿನಂಥ ಪುಟ್ಟ ಗುಂಪು ಕೃತ್ತಿಕೆ. ಅದರಲ್ಲಿ ಎಷ್ಟು ಕಾಣುತ್ತವೆ ಅಂತ ಎಣಿಸಿ ತಾರೀಕಿನ ಜೊತೆ ಬರೆಯಲಿ. ನಗರದಲ್ಲಿ ನಾಲ್ಕೈದು ಸಿಕ್ಕರೆ ಹೆಚ್ಚು. ಹಳ್ಳಿಗೆ ಹೋದಾಗ ಆರು, ಕಣ್ಣು ಚುರುಕಿದ್ದರೆ ಏಳು.

ಮೊದಲ ರಾತ್ರಿ ಇಷ್ಟಕ್ಕೇ ನಿಲ್ಲಿಸಿ. ಇನ್ನೂ ನೋಡಬೇಕು ಅಂತ ಮಗು ಹಟ ಮಾಡುವಾಗಲೇ ಕೆಳಗೆ ಕರೆದುಕೊಂಡು ಬನ್ನಿ.

ಕಥೆ ಹೇಳುವಾಗ ಒಂದು ಗೊಂದಲ ಬರುತ್ತದೆ, ಅದು ಬರಲಿ. ಗ್ರೀಕರ ಕಥೆಯಲ್ಲಿ ಈ ಇಡೀ ಗುಂಪು ಬೇಟೆಗಾರ. ನಮ್ಮ ಹಳೆಯ ಕಥೆಯಲ್ಲಿ ಇದು ಜಿಂಕೆ, ಅದಕ್ಕೇ ತಲೆಯ ಭಾಗದ ಚಿಕ್ಕ ನಕ್ಷತ್ರಗಳು ಮೃಗಶಿರ. ಮೂರು ನಕ್ಷತ್ರ ಅದಕ್ಕೆ ನಾಟಿದ ಬಾಣ, ಬಿಟ್ಟವನು ದೂರದಲ್ಲಿರುವ ಲುಬ್ಧಕ. ‘ಯಾವುದು ಸರಿ?’ ಅಂತ ಮಗು ಕೇಳೇ ಕೇಳುತ್ತದೆ. ಎರಡೂ ಜನ ಕಟ್ಟಿದ್ದು, ನೀನೂ ಒಂದು ಕಟ್ಟು ಅನ್ನಿ. ಖಗೋಳ ವಿಜ್ಞಾನಿಗಳು 1922ರಲ್ಲಿ ಕೂತು 88 ಪುಂಜಗಳ ಪಟ್ಟಿಯನ್ನು ಒಪ್ಪಿಕೊಂಡರು, 1930ರಲ್ಲಿ ಅವುಗಳ ಗಡಿ ಗೆರೆಗಳನ್ನು ಪ್ರಕಟಿಸಿದರು. ತಾಲ್ಲೂಕು, ಹೋಬಳಿಯ ಹಾಗೆ ಇದು ವಿಳಾಸಕ್ಕೆ ಮಾಡಿಕೊಂಡ ಅನುಕೂಲ, ಅಷ್ಟೇ.

5. ಮಾರನೇ ದಿನ ನೆಲದ ಮೇಲೆ

ನೋಡಿದ್ದನ್ನು ಮಾರನೇ ದಿನ ಅಂಗಳದಲ್ಲಿ ನೆನಪಿನಿಂದ ಇಡಿಸಿ. ಚುಕ್ಕಿ ರಂಗೋಲಿ ಹಾಕುವ ಮನೆಯಾದರೆ ಕೆಲಸ ಇನ್ನೂ ಸುಲಭ. ಕಪ್ಪು ಚಾರ್ಟ್ ಪೇಪರ್ ಮೇಲೆ ಕಾಳು ಜೋಡಿಸಿದರೂ ಆಯಿತು: ಲುಬ್ಧಕಕ್ಕೆ ಕಾಬೂಲ್ ಕಡಲೆ, ಆರಿದ್ರಾ-ರೀಗೆಲ್‌ಗೆ ಅಲಸಂದೆ, ಮೂರು ನಕ್ಷತ್ರಕ್ಕೆ ಬಿಳಿ ಉದ್ದು, ಕೃತ್ತಿಕೆಗೆ ಒಂದು ಚಿಟಿಕೆ ಅಕ್ಕಿ. ಕಾಳಿನ ಗಾತ್ರದಲ್ಲೇ ಪ್ರಖರತೆಯ ಪಾಠವೂ ಆಗುತ್ತದೆ. ಗೆರೆಯನ್ನು ಕೊನೆಯಲ್ಲಿ ಎಳೆಯಲಿ. ಮೊದಲೇ ಗೆರೆ ಕೊಟ್ಟರೆ ಆಕಾಶದಲ್ಲೂ ಗೆರೆ ಹುಡುಕುತ್ತದೆ.

ದೊಡ್ಡ ಮಕ್ಕಳಿಗೆ ಇನ್ನೊಂದು ವಿಷಯ ಹೇಳಬಹುದು. ಪಕ್ಕಪಕ್ಕ ಕಂಡವೆಲ್ಲ ಪಕ್ಕಪಕ್ಕ ಇಲ್ಲ. ಬೆಳಕು ಒಂದು ವರ್ಷದಲ್ಲಿ ಸಾಗುವ ದೂರಕ್ಕೆ ಜ್ಯೋತಿರ್ವರ್ಷ ಅನ್ನುತ್ತಾರೆ. ಲುಬ್ಧಕ ನಮ್ಮಿಂದ 8.6 ಜ್ಯೋತಿರ್ವರ್ಷ ದೂರ, ರೋಹಿಣಿ ಸುಮಾರು 65, ರೀಗೆಲ್ ಸುಮಾರು 860. ಅಂದರೆ ಮೂರನೇ ಕ್ಲಾಸಿನ ಮಗು ಇವತ್ತು ನೋಡುವ ಲುಬ್ಧಕದ ಬೆಳಕು ಹೊರಟಿದ್ದು ಅದು ಹುಟ್ಟಿದ ಹೊತ್ತಿಗೆ. ರೋಹಿಣಿಯ ಬೆಳಕಿಗೆ ಅಜ್ಜಿಯ ವಯಸ್ಸು. ಕಿಟಕಿಯ ಸರಳಿಗೆ, ಬಾಗಿಲಿಗೆ, ಫ್ಯಾನಿಗೆ ಬೇರೆ ಬೇರೆ ದೂರದಲ್ಲಿ ದಾರ ಕಟ್ಟಿ ಮಣಿ ಇಳಿಬಿಡಿ. ಒಂದು ಕಡೆ ನಿಂತು ನೋಡಿದರೆ ಮಣಿಗಳು ಮಹಾವ್ಯಾಧನ ಆಕಾರಕ್ಕೆ ಬರಬೇಕು. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಆಕಾರ ಕೆಟ್ಟುಹೋಗುತ್ತದೆ.

6. ಆರಿದ್ರಾ ಮಳೆಯಲ್ಲಿ ಆರಿದ್ರಾ ಎಲ್ಲಿ?

ಇದು ಈ ಇಡೀ ಪಾಠದ ತಿರುಳು, ಹಾಗಾಗಿ ಸಮಯ ಕೊಡಿ. ಮಾತು ಹೀಗೆ ಬರಬಹುದು:

‘ತಾತ, ಆರಿದ್ರಾ ಮಳೆ ಯಾವಾಗ?’

‘ಜೂನ್ ಕೊನೇಲಿ ಕಣ್ ಮಗ.’

‘ಆವಾಗ ಆರಿದ್ರಾ ನಕ್ಷತ್ರ ಕಾಣುತ್ತಾ?’

ತಾತ ಇಲ್ಲಿ ತಡವರಿಸಬಹುದು. ಉತ್ತರ: ಕಾಣುವುದಿಲ್ಲ. ಸೂರ್ಯ ಯಾವ ನಕ್ಷತ್ರದ ಕಡೆ ಇರುತ್ತಾನೋ ಆ ಹೆಸರು ಮಳೆಗೆ. ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ. ಜೂನ್ 22ರ ಆಸುಪಾಸಿನಿಂದ ಜುಲೈ ಮೊದಲ ವಾರದವರೆಗೆ ಸೂರ್ಯ ಆರಿದ್ರಾದ ದಿಕ್ಕಿನಲ್ಲಿರುತ್ತಾನೆ. ನಕ್ಷತ್ರ ಹಗಲಿನಲ್ಲೇ ಹುಟ್ಟಿ ಹಗಲಿನಲ್ಲೇ ಮುಳುಗುತ್ತದೆ. ಆರು ತಿಂಗಳು ಬಿಟ್ಟು, ಡಿಸೆಂಬರಿನಲ್ಲಿ, ರಾತ್ರಿಯಿಡೀ ಅದರದೇ ದರ್ಬಾರು.

ಬಾಯಲ್ಲಿ ಹೇಳಿದರೆ ಇದು ತಲೆಗೆ ಹೋಗುವುದಿಲ್ಲ, ಆಡಿಸಬೇಕು. ನಡುಮನೆಯ ಮಧ್ಯೆ ಸ್ಟೂಲಿನ ಮೇಲೆ ಒಂದು ದೀಪ ಇಡಿ, ಅದು ಸೂರ್ಯ. ದೀಪದ ಹತ್ತಿರ ನಿಂತು ಒಂದು ಗೋಡೆಗೆ ‘ಆರಿದ್ರಾ’ ಚೀಟಿ ಅಂಟಿಸಿ. ಆ ಗೋಡೆಗೆ ಮುಖ ಮಾಡಿದಾಗ ನಿಮ್ಮ ಎಡಕ್ಕೆ ಬರುವ ಗೋಡೆಗೆ ‘ಉತ್ತರೆ’, ಬೆನ್ನ ಹಿಂದಿನದಕ್ಕೆ ‘ಜ್ಯೇಷ್ಠಾ, ಮೂಲಾ’, ಉಳಿದದ್ದಕ್ಕೆ ‘ಉತ್ತರಾಭಾದ್ರ’. ಮಗುವೇ ಭೂಮಿ. ದೇವಸ್ಥಾನದ ಪ್ರದಕ್ಷಿಣೆಗೆ ಉಲ್ಟಾ, ಎಡಭುಜ ದೀಪದ ಕಡೆ ಇರುವಂತೆ ನಿಧಾನ ಸುತ್ತಲಿ. ಅಲ್ಲಲ್ಲಿ ನಿಲ್ಲಿಸಿ ದೀಪಕ್ಕೆ ಬೆನ್ನು ಮಾಡಿಸಿ. ಈಗ ರಾತ್ರಿ. ಯಾವ ಗೋಡೆ ಕಾಣುತ್ತದೆ? ಮತ್ತೆ ದೀಪದ ಕಡೆ ತಿರುಗಿಸಿ. ಈಗ ಹಗಲು. ದೀಪದ ಹಿಂದೆ ಯಾವ ಗೋಡೆ? ಆರಿದ್ರಾ ಗೋಡೆ ದೀಪದ ಹಿಂದೆ ಬಂದಾಗ ‘ಈಗ ಯಾವ ಮಳೆ?’ ಅಂತ ಕೇಳಿ. ಉತ್ತರ ಅದೇ ಹೇಳುತ್ತದೆ. ತಾತನನ್ನೂ ಒಂದು ಸುತ್ತು ಸುತ್ತಿಸಿದರೆ ಮಗುವಿಗೆ ಖುಷಿ.

ಇದರ ಜೊತೆಗೇ ಒಂದು ಲೆಕ್ಕ: ನಕ್ಷತ್ರಗಳು ದಿನಕ್ಕೆ ಸುಮಾರು 4 ನಿಮಿಷ ಮುಂಚೆ ಹುಟ್ಟುತ್ತವೆ, ತಿಂಗಳಿಗೆ 2 ಗಂಟೆ. ಜನವರಿಯಲ್ಲಿ ರಾತ್ರಿ 8 ಗಂಟೆಗೆ ಪೂರ್ವದಲ್ಲಿದ್ದ ಮಹಾವ್ಯಾಧ ಫೆಬ್ರವರಿ ಕೊನೆಗೆ ಅದೇ ಹೊತ್ತಿಗೆ ನೆತ್ತಿಯ ಹತ್ತಿರ. ಆಗ ದಕ್ಷಿಣಕ್ಕೆ ತಿರುಗಿಸಿ ಲುಬ್ಧಕದ ಕೆಳಗೆ ಅಗಸ್ತ್ಯ ನಕ್ಷತ್ರವನ್ನೂ ತೋರಿಸಿ. ಎತ್ತರ ಎರಡೂವರೆ ಮುಷ್ಟಿ. ಪ್ರಖರತೆಯಲ್ಲಿ ಎರಡನೆಯದು. ಯುರೋಪಿನ ಬಹುಪಾಲು ಮಕ್ಕಳಿಗೆ ಇದು ಕಾಣುವುದೇ ಇಲ್ಲ.

7. ಬೇಸಿಗೆ ರಜೆಯ ಆಕಾಶ

ಏಪ್ರಿಲ್ ಮಧ್ಯದಲ್ಲಿ ರಾತ್ರಿ 9ಕ್ಕೆ ಅಂಗಾತ ಮಲಗಿ ನೇರ ಮೇಲೆ ನೋಡಿದರೆ ಸಿಗುವುದು ಮಖೆ. ಮೈಸೂರಿನ ಅಕ್ಷಾಂಶ ಸುಮಾರು 12 ಡಿಗ್ರಿ, ಈ ನಕ್ಷತ್ರದ ದಾರಿಯೂ ಅಲ್ಲೇ, ಅದಕ್ಕೆ ನಮ್ಮ ನೆತ್ತಿಯ ಮೇಲೇ ಹಾದುಹೋಗುತ್ತದೆ. ಮಖೆಯೇ ಹಿಡಿಯಾಗಿ ಉತ್ತರಕ್ಕೆ ಬಾಗಿದ ಕುಡುಗೋಲು ಸಿಂಹದ ತಲೆ.

ಉತ್ತರಕ್ಕೆ ತಿರುಗಿದರೆ ಸಪ್ತರ್ಷಿ ಮಂಡಲ, ತಲೆಕೆಳಗಾಗಿ. ನಾಲ್ಕು ನಕ್ಷತ್ರದ ಚೌಕದಲ್ಲಿ ತುದಿಯ ಎರಡು ಪುಲಹ, ಕ್ರತು. ಇವೆರಡರ ನಡುವಿನ ದೂರವನ್ನು ಪುಲಹದಿಂದ ಕ್ರತುವಿನ ಕಡೆಗೆ ಐದು ಸಲ ಮುಂದುವರಿಸಿದರೆ ಧ್ರುವ. ನಮ್ಮಲ್ಲಿ ಧ್ರುವ ದಿಗಂತದಿಂದ ಒಂದು ಮುಷ್ಟಿಗಿಂತ ಚೂರು ಮೇಲೆ ಅಷ್ಟೇ. ದೆಹಲಿಯಲ್ಲಾದರೆ ಹೆಚ್ಚುಕಡಿಮೆ ಮೂರು ಮುಷ್ಟಿ. ಮುಂದಿನ ಮನೆಯ ಸಿಂಟೆಕ್ಸ್ ಟ್ಯಾಂಕೇ ಅದನ್ನು ಮುಚ್ಚಿಬಿಡಬಹುದು. ಅದು ಬಹಳ ಪ್ರಖರವೂ ಅಲ್ಲ. ಧ್ರುವನ ಕಥೆ ಕೇಳಿದ ಮಗು ಆಕಾಶದಲ್ಲೇ ದೊಡ್ಡ ನಕ್ಷತ್ರ ಇರಬೇಕು ಅಂದುಕೊಂಡಿರುತ್ತದೆ, ಮೊದಲೇ ಹೇಳಿಡಿ.

ಚೌಕಕ್ಕೆ ಅಂಟಿದ ಉಳಿದ ಮೂರು ನಕ್ಷತ್ರ ಬಾಲ, ಅದರ ತುದಿಯಿಂದ ಎರಡನೆಯದು ವಸಿಷ್ಠ. ಅದಕ್ಕೆ ಅಂಟಿಕೊಂಡಂತೆ ಮಂಕಾಗಿರುವ ಪುಟ್ಟ ಚುಕ್ಕೆಯೇ ಅರುಂಧತಿ. ಮದುವೆ ಸೀಸನ್ನಿನಲ್ಲೇ ಇದು ಸಂಜೆ ಕಾಣುವುದರಿಂದ, ಹೊಸದಾಗಿ ಮದುವೆಯಾದ ಚಿಕ್ಕಮ್ಮ ಚಿಕ್ಕಪ್ಪನಿಗೆ ಮಗುವೇ ತೋರಿಸಲಿ.

ಬಾಲದ ಬಾಗನ್ನು ಹಾಗೇ ಮುಂದಕ್ಕೆ ಬಾಗಿಸುತ್ತಾ ಹೋದರೆ ಕಿತ್ತಳೆ ಬಣ್ಣದ ಸ್ವಾತಿ, ಇನ್ನೂ ಮುಂದೆ ಬಿಳಿಯ ಚಿತ್ತೆ. ಚಿತ್ತೆಯ ಪಕ್ಕದಲ್ಲಿ ಹಸ್ತ. ಮೇ ಮೊದಲ ವಾರ ರಾತ್ರಿ 10ರ ಸುಮಾರಿಗೆ ದಕ್ಷಿಣ ದಿಗಂತದಿಂದ ಒಂದೂವರೆ ಎರಡು ಮುಷ್ಟಿ ಮೇಲೆ ತ್ರಿಶಂಕು, ಪುಟ್ಟ ಶಿಲುಬೆಯ ಆಕಾರ. ವಿಶ್ವಾಮಿತ್ರನ ಕಥೆಯನ್ನು ಅದನ್ನು ನೋಡುತ್ತಲೇ ಹೇಳಿ.

8. ಚಂದ್ರನ ಹಿಂದೆ ಹೋಗಿ

ಇದಕ್ಕೆ ಒಂಟಿಕೊಪ್ಪಲ್ ಪಂಚಾಂಗವೋ ಗೋಡೆ ಕ್ಯಾಲೆಂಡರೋ ಸಾಕು. ಇವತ್ತು ರೋಹಿಣಿ ಅಂತ ಬರೆದಿದ್ದರೆ ಚಂದ್ರ ರೋಹಿಣಿಯ ಆಸುಪಾಸಿನಲ್ಲಿರುತ್ತಾನೆ. ನಾಳೆ ಅದೇ ಹೊತ್ತಿಗೆ ಮುಷ್ಟಿಗಿಂತ ಸ್ವಲ್ಪ ಜಾಸ್ತಿ, ಸುಮಾರು 13 ಡಿಗ್ರಿ, ಪೂರ್ವಕ್ಕೆ ಸರಿದಿರುತ್ತಾನೆ. 360 ಡಿಗ್ರಿಯನ್ನು 27 ನಕ್ಷತ್ರಕ್ಕೆ ಹಂಚಿದರೆ ಬರುವುದೂ ಅಷ್ಟೇ. ಒಂದು ವಾರ ಪ್ರತಿ ಸಂಜೆ ಒಂದೇ ಗಂಟೆಗೆ ಚಂದ್ರನನ್ನು ನೋಟ್‌ಬುಕ್ಕಿನಲ್ಲಿ ಗುರುತು ಮಾಡಿದರೆ ಮಗುವಿಗೆ ಇದು ಕಣ್ಣಾರೆ ಗೊತ್ತಾಗುತ್ತದೆ.

ಹುಣ್ಣಿಮೆಯ ದಿನವೂ ಕೆಲಸವಿದೆ. ಕಾರ್ತಿಕ ಹುಣ್ಣಿಮೆಯ ಚಂದ್ರ ಕೃತ್ತಿಕೆಯ ಕಡೆ, ಚೈತ್ರದ್ದು ಚಿತ್ತೆಯ ಕಡೆ, ಮಾಘದ ಭಾರತ ಹುಣ್ಣಿಮೆಯದು ಮಖೆಯ ಕಡೆ. ಚಂದ್ರನನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡರೆ ಚಿತ್ತೆ, ಮಖೆ ಸುಲಭವಾಗಿ ಸಿಗುತ್ತವೆ.

ಪುಂಜದಲ್ಲಿ ಮಿನುಗದ ಒಂದು ‘ನಕ್ಷತ್ರ’ ಹೆಚ್ಚಿಗೆ ಕಂಡರೆ ಅದು ಗ್ರಹ. ನಕ್ಷೆಯಲ್ಲಿ ಅದು ಇರುವುದಿಲ್ಲ.

9. ಮಳೆಗಾಲದಲ್ಲಿ ಚೇಳು

ಮೋಡ ಬಿಟ್ಟುಕೊಟ್ಟರೆ ಆಗಸ್ಟ್ 15ರ ಆಸುಪಾಸು ರಾತ್ರಿ 8ಕ್ಕೆ ದಕ್ಷಿಣಕ್ಕೆ ನೋಡಿ. ವೃಶ್ಚಿಕವನ್ನು ಕಲಿಸಬೇಕಾಗಿಲ್ಲ, ಅದು ಚೇಳೇ. ಎದೆಯಲ್ಲಿ ಕೆಂಪು ಜ್ಯೇಷ್ಠಾ, ಮುಂದೆ ಅನುರಾಧಾ, ಕೆಳಗೆ ಸುರುಳಿಯಾಗಿ ಮೇಲೆದ್ದ ಬಾಲ. ಉತ್ತರದ ದೇಶಗಳಲ್ಲಿ ಬಾಲ ದಿಗಂತಕ್ಕೆ ಮರೆಯಾಗಿಬಿಡುತ್ತದೆ, ನಮಗೆ ಪೂರ್ತಿ ಕಾಣುತ್ತದೆ. ಇದು ಹುಟ್ಟುವ ಹೊತ್ತಿಗೆ ಮಹಾವ್ಯಾಧ ಮುಳುಗುತ್ತಾನೆ.

ಆ ಬಾಲವೇ ಮೂಲಾ. ಮೂಲಾ ನಕ್ಷತ್ರದ ಹುಡುಗಿ ಅಂತ ಮೂಗು ಮುರಿಯುವ ಜನ ನಮ್ಮಲ್ಲಿ ಇನ್ನೂ ಇದ್ದಾರೆ. ಅಂಥ ಹುಡುಗಿ ನಿಮ್ಮ ಮನೆಯಲ್ಲೋ ಕ್ಲಾಸಿನಲ್ಲೋ ಇದ್ದರೆ ಮೊದಲು ಅವಳಿಗೇ ತೋರಿಸಿ. ನೂರಾರು ಜ್ಯೋತಿರ್ವರ್ಷ ದೂರದ ಬಿಸಿ ಅನಿಲದ ಉಂಡೆಗೂ ಯಾರದೋ ಮಾವನ ಆರೋಗ್ಯಕ್ಕೂ ಏನು ಸಂಬಂಧ? ಜಾತಕದ ಬಗ್ಗೆ ಮನೆಯಲ್ಲಿ ಜಗಳ ಮಾಡಬೇಕಾಗಿಲ್ಲ, ಆದರೆ ಮಗುವಿಗೆ ಇದನ್ನು ಸ್ಪಷ್ಟವಾಗಿ ಹೇಳಬೇಕು.

10. ಏನು ಕೊಳ್ಳಬೇಕು, ಏನು ಬೇಡ

ಹಸಿರು ಲೇಸರ್ ಬೇಡ. ಕಣ್ಣಿಗೆ ಅಪಾಯ, ಮಂಡಕಳ್ಳಿ ಕಡೆ ಇಳಿಯುವ ವಿಮಾನಕ್ಕೂ ಅಪಾಯ. ಸ್ಟೆಲೇರಿಯಂ ಅನ್ನುವ ಉಚಿತ ತಂತ್ರಾಂಶ ಚೆನ್ನಾಗಿದೆ, ಊರು ಮತ್ತು ಗಂಟೆ ಕೊಟ್ಟರೆ ಆಕಾಶ ತೋರಿಸುತ್ತದೆ. ಅದನ್ನು ಮಧ್ಯಾಹ್ನವೇ ನೋಡಿಕೊಂಡು ನೀವು ತಯಾರಾಗಿ, ರಾತ್ರಿ ಮಗುವಿನ ಕೈಗೆ ಫೋನ್ ಕೊಡಬೇಡಿ. ಕೊಟ್ಟರೆ ಅದು ಪರದೆ ನೋಡುತ್ತದೆ, ಆಕಾಶ ನೋಡುವುದಿಲ್ಲ.

ಟೆಲಿಸ್ಕೋಪಿಗೆ ಅವಸರ ಬೇಡ. ಪುಂಜಗಳು ಅದರಲ್ಲಿ ಹಿಡಿಸುವುದೇ ಇಲ್ಲ. 7x50 ಅಥವಾ 10x50 ಬೈನಾಕ್ಯುಲರ್ ಇದ್ದರೆ ಸಾಕು, ಮೊದಲು ಕೃತ್ತಿಕೆಗೆ ಹಿಡಿಸಿ. ನಾಲ್ಕೈದು ಎಣಿಸಿದ್ದ ಕಡೆ ಹತ್ತಾರು ಕಾಣುತ್ತವೆ. ಹಗಲಿನಲ್ಲಿ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಯಾಕೆಂದರೆ ಸೂರ್ಯನ ಕಡೆ ತಿರುಗಿಸಿದರೆ ಕಣ್ಣೇ ಹೋಗುತ್ತದೆ.